ಮ್ಯಾಕ್ರೋ ಲೆನ್ಸ್ ಮೊದಲಾ, ಫ್ಲಾಶ್ ಮೊದಲಾ?

ನೀವು ಕೇಳಿರುವುದು ಇಷ್ಟು: ನಿಮ್ಮ ಹತ್ತಿರ ನಿಕಾನ್ ಡಿ5600 ಕ್ಯಾಮೆರಾ ಇದೆ, ಅದರ ಜೊತೆ ಬಂದ 18-55 ಎಂಎಂ ಮತ್ತು 70-300 ಎಂಎಂ ಎರಡೂ ಜೂಮ್ ಲೆನ್ಸ್ ಇವೆ. ತೋಟದ ಹುಳ ಹುಪ್ಪಟೆ, ಹೂವು, ಜೊತೆಗೆ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಹಳೇ ನಾಣ್ಯಗಳ ಫೋಟೋ ತೆಗೆಯಬೇಕು. ಕೈಯಲ್ಲಿ ಹದಿನೈದು ಸಾವಿರ ಇದೆ. ಪುಟ್ಟ ವಸ್ತುಗಳನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಸೆಕೆಂಡ್ ಹ್ಯಾಂಡ್ ತಗೊಳ್ಳಲಾ, ಬೇರೆ ಏನಾದರೂ ತಗೊಳ್ಳಲಾ?

ಬೇರೆ ತಗೊಳ್ಳಿ. ಮೊದಲು ಬೆಳಕಿಗೆ ದುಡ್ಡು ಹಾಕಿ, ಲೆನ್ಸ್ ಆಮೇಲೆ ನೋಡೋಣ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ತೋಟದಲ್ಲಿ ಹುಳಗಳ ಹಿಂದೆ ಅಲೆಯೋ ನನ್ನಂಥವನಿಗೆ ಇದರಲ್ಲಿ ಅನುಮಾನವೇ ಇಲ್ಲ.

ಯಾಕೆ ಅಂತ ಹೇಳ್ತೀನಿ. ವಸ್ತುವಿಗೆ ಹತ್ತಿರ ಹೋದಷ್ಟೂ ಫೋಕಸ್‌ನಲ್ಲಿ ಉಳಿಯುವ ಭಾಗ ತೆಳ್ಳಗಾಗುತ್ತಾ ಹೋಗುತ್ತದೆ. ಇರುವೆಯ ಕಣ್ಣು ಸ್ಪಷ್ಟವಾಗಿದ್ದರೆ ಮೀಸೆ ಮಂಜು. ಹಾಗಾಗಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಚಿಕ್ಕದು ಮಾಡಲೇಬೇಕು, ಎಫ್/16 ಅಂತಿಟ್ಟುಕೊಳ್ಳಿ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ನೆತ್ತಿ ಸುಡುವ ಬಿಸಿಲಲ್ಲಿ, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಹೇಳುವ ಐಎಸ್‌ಓ 100ಕ್ಕೆ, ಎಫ್/16ರಲ್ಲಿ ಸುಮಾರು 1/100 ಸೆಕೆಂಡಿನ ಶಟರ್ ವೇಗ ಸಿಗುತ್ತದೆ. ಅಡಿಕೆ ತೋಟದ ನೆರಳಿಗೆ ಹೋದರೆ ಅದೇ 1/8, 1/4ಕ್ಕೆ ಇಳಿಯುತ್ತದೆ. ಕೈನಡುಕ, ಗಾಳಿ, ಹುಳದ ಓಡಾಟ ಎಲ್ಲಾ ಸೇರಿ ಫೋಟೋ ಕಲಸಿಹೋಗುತ್ತದೆ. ಬಿಸಿಲಲ್ಲೇ ತೆಗೆದರೆ ಒಂದು ಕಡೆ ಸುಟ್ಟ ಬಿಳಿ, ಇನ್ನೊಂದು ಕಡೆ ಕಗ್ಗಪ್ಪು. ಐವತ್ತು ಸಾವಿರದ ಲೆನ್ಸ್ ತಂದರೂ ಈ ಲೆಕ್ಕ ಬದಲಾಗಲ್ಲ. ಫ್ಲಾಶ್ ಇದ್ದರೆ ಬೆಳಕು ಸಾಕಷ್ಟು ಸಿಗುತ್ತದೆ. ಕಡಿಮೆ ಪವರ್‌ನಲ್ಲಿ ಫ್ಲಾಶ್ ಹೊಳೆಯುವುದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಮ್ಮಿ ಹೊತ್ತು, ಆದ್ದರಿಂದ ಅಲುಗಾಟವೂ ಅಲ್ಲೇ ನಿಂತುಬಿಡುತ್ತದೆ.

ಇನ್ನು ಹಿಗ್ಗಿಸುವುದಕ್ಕೆ ನಿಮ್ಮ 70-300 ಇದೆಯಲ್ಲ, ಅದೇ ಸಾಕು. ಅದರ ಮೂತಿಗೆ ರೇನಾಕ್ಸ್ ಡಿಸಿಆರ್-250 ಅನ್ನುವ ಪುಟ್ಟ ಲೆನ್ಸ್ ಸಿಕ್ಕಿಸಿ. ಕ್ಲಿಪ್ ಒತ್ತಿ ಹಾಕುವಂಥದ್ದು, 52ರಿಂದ 67 ಎಂಎಂ ಫಿಲ್ಟರ್ ಅಳತೆಯ ಯಾವ ಲೆನ್ಸಿಗೂ ಕೂರುತ್ತದೆ, ನಿಮ್ಮದು 58. ಇದರ ಶಕ್ತಿ 8 ಡಯಾಪ್ಟರ್, ಕನ್ನಡಕದ ಪವರ್ ಅಳೆಯುವ ಅಳತೆಯೇ ಇದು. ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವ ಲೆಕ್ಕ ಸುಲಭ: ಜೂಮ್ ಎಷ್ಟಿದೆಯೋ ಅದನ್ನು 8ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 125ಕ್ಕೆ ಇಟ್ಟರೆ 1:1, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಬೀಳುವ ಚಿತ್ರ ವಸ್ತುವಿನಷ್ಟೇ ದೊಡ್ಡದು. 300ಕ್ಕೆ ಇಟ್ಟರೆ 2.4 ಪಟ್ಟು. ಆಗ ಫ್ರೇಮಿನ ಉದ್ದಕ್ಕೂ ಹಿಡಿಯುವುದು ಬರೀ ಹತ್ತು ಮಿಲಿಮೀಟರ್. ದುಬಾರಿ ಮ್ಯಾಕ್ರೋ ಲೆನ್ಸ್‌ಗಳೂ ಸಾಮಾನ್ಯವಾಗಿ 1:1ಕ್ಕೇ ನಿಲ್ಲುತ್ತವೆ, ಗೊತ್ತಲ್ವಾ? ಇನ್ನೊಂದು ಅನುಕೂಲ, ಜೂಮ್ ಎಷ್ಟೇ ಮಾಡಿ, ಹುಳಕ್ಕೂ ಲೆನ್ಸಿಗೂ ನಡುವಿನ ದೂರ ಹನ್ನೊಂದು-ಹನ್ನೆರಡು ಸೆಂಟಿಮೀಟರ್ ಆಸುಪಾಸಲ್ಲೇ ಇರುತ್ತದೆ.

ರೇನಾಕ್ಸ್ ಹಾಕುವ ಮುಂಚೆ ದೂರದ ಮರಕ್ಕೆ ಒಮ್ಮೆ ಫೋಕಸ್ ಮಾಡಿ, ಮೆನುಗೆ ಹೋಗಿ ಮ್ಯಾನುಯಲ್ ಫೋಕಸ್‌ಗೆ ಬದಲಾಯಿಸಿ. ನಿಮ್ಮ ಲೆನ್ಸಿನ ಮೇಲೆ ಎಎಫ್-ಪಿ ಅಂತ ಬರೆದಿದ್ದರೆ ಅದರ ಮೈಮೇಲೆ ಇದಕ್ಕೆ ಸ್ವಿಚ್ ಇರಲ್ಲ, ಹುಡುಕಬೇಡಿ. ಆಮೇಲೆ ಫೋಕಸ್ ರಿಂಗ್ ಮುಟ್ಟುವ ಕೆಲಸವೇ ಇಲ್ಲ. ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ, ಕಣ್ಣು ಚೂಪಾಗಿ ಕಂಡ ಕ್ಷಣ ಒತ್ತಬೇಕು. ಎಫ್/16ರಲ್ಲೂ 1:1ಕ್ಕೆ ಫೋಕಸ್‌ನಲ್ಲಿರುವುದು ಅರ್ಧ ಮಿಲಿಮೀಟರ್ ಚಿಲ್ಲರೆ. 2.4 ಪಟ್ಟಿಗೆ ಹೋದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಹಾಗಂತ ಎಫ್/32ಕ್ಕೆ ಹೋಗಬೇಡಿ. ಅಷ್ಟು ಚಿಕ್ಕ ಕಿಂಡಿಯಲ್ಲಿ ಬೆಳಕು ಚದುರಿ ಫೋಟೋ ಪೂರ್ತಿ ಮಂಕಾಗುತ್ತದೆ. ನಾನು 150-200ರ ಸುತ್ತ ಜೂಮ್ ಇಟ್ಟುಕೊಂಡೇ ಜಾಸ್ತಿ ತೆಗೆಯೋದು.

ಫ್ಲಾಶ್‌ಗೆ ಗೋಡಾಕ್ಸ್ ಟಿಟಿ600 ತರಹದ್ದು ಯಾವುದಾದರೂ ಸಾಕು. ಟಿಟಿಎಲ್, ಅಂದರೆ ಫ್ಲಾಶ್ ಪವರ್ ತಾನೇ ಹೊಂದಿಸಿಕೊಳ್ಳುವ ಸೌಲಭ್ಯ, ಬೇಕಿಲ್ಲ. ದೂರ ಯಾವಾಗಲೂ ಅಷ್ಟೇ ಇರುವುದರಿಂದ ಪವರ್ ಒಮ್ಮೆ ಹೊಂದಿಸಿಕೊಂಡರೆ ಪದೇ ಪದೇ ತಿರುಗಿಸಬೇಕಾಗಲ್ಲ. ಬೇರೆಯವರೂ ಇದನ್ನು ಓದಬಹುದು ಅಂತ ಒಂದು ಮಾತು: ಕ್ಯಾನನ್ 3000ಡಿ, 200ಡಿ ಮಾರ್ಕ್ 2ರಂಥ ಕೆಲವು ಕ್ಯಾಮೆರಾಗಳ ಹಾಟ್ ಶೂನಲ್ಲಿ, ಅಂದರೆ ನೆತ್ತಿಯ ಮೇಲೆ ಫ್ಲಾಶ್ ಕೂರಿಸುವ ಜಾಗದಲ್ಲಿ, ನಡುವಿನ ಪಿನ್ನೇ ಇಲ್ಲ. ಸಾದಾ ಮ್ಯಾನುಯಲ್ ಫ್ಲಾಶ್ ಅದರ ಮೇಲೆ ಹೊತ್ತಿಕೊಳ್ಳಲ್ಲ. ಆರ್ಡರ್ ಮಾಡುವ ಮುಂಚೆ ಕ್ಯಾಮೆರಾ ನೆತ್ತಿ ನೋಡಿಕೊಳ್ಳಿ. ನಿಮ್ಮ ನಿಕಾನ್‌ಗೆ ಆ ತೊಂದರೆ ಇಲ್ಲ. ಒಳ್ಳೇ ರೀಚಾರ್ಜಬಲ್ ಸೆಲ್ ಎರಡು ಸೆಟ್ ಇಟ್ಟುಕೊಳ್ಳಿ.

ಈಗ ಅಸಲಿ ವಿಷಯ, ಡಿಫ್ಯೂಸರ್, ಅಂದರೆ ಫ್ಲಾಶ್ ಬೆಳಕನ್ನು ಹರಡಿ ಮೆತ್ತಗೆ ಮಾಡುವ ಹೊದಿಕೆ. ಬರೀ ಫ್ಲಾಶ್ ಹೊಡೆದರೆ ಬಿಸಿಲಿಗಿಂತ ಕೆಟ್ಟದಾಗಿ ಬರುತ್ತದೆ. ಬೆಳಕು ಮೆತ್ತಗಾಗಬೇಕಾದರೆ ಅದು ಬರುವ ಜಾಗ ಹುಳಕ್ಕೆ ಹೋಲಿಸಿದರೆ ದೊಡ್ಡದಾಗಿರಬೇಕು, ಹತ್ತಿರವೂ ಇರಬೇಕು. ಒಂದು ಸೆಂಟಿಮೀಟರ್ ಹುಳಕ್ಕೆ ಒಂದು ಅಂಗೈಯಗಲದ ಬಿಳಿ ಹಾಳೆ ಹತ್ತಿರ ಹಿಡಿದರೆ ಅದೇ ಆಕಾಶ! ಹೊಸ ಟಿವಿ, ಮಿಕ್ಸಿ ಸುತ್ತಿ ಕೊಡುತ್ತಾರಲ್ಲ, ತೆಳ್ಳನೆಯ ಬಿಳಿ ಫೋಮ್ ಶೀಟ್, ಅದು ಬಹಳ ಒಳ್ಳೆಯದು. ಸ್ಟೇಷನರಿ ಅಂಗಡಿಯ ಹಾಲುಬಿಳಿ ಪ್ಲಾಸ್ಟಿಕ್ ಫೈಲ್ ಕೂಡ ಆಗುತ್ತದೆ. ಚಾರ್ಟ್ ಪೇಪರಿನ ಒಳಮೈಗೆ ಅಲ್ಯುಮಿನಿಯಂ ಫಾಯಿಲ್ ಅಂಟಿಸಿ, ಫ್ಲಾಶ್ ತಲೆಯಿಂದ ಲೆನ್ಸ್ ತುದಿವರೆಗೆ ಅಗಲವಾಗುತ್ತಾ ಹೋಗುವ ಕೊಳವೆ ಮಾಡಿ. ಅದರ ಬಾಯಿಗೆ ಫೋಮ್ ಹಾಳೆ ಕಟ್ಟಿ. ಹಾಳೆ ಲೆನ್ಸಿನ ತುದಿಗಿಂತ ಸ್ವಲ್ಪ ಮುಂದಕ್ಕೆ, ಕಿಟಕಿಯ ಸಜ್ಜೆಯ ಹಾಗೆ ಬಾಗಿ ನಿಲ್ಲಬೇಕು. ಜೂಮ್ ಮಾಡಿದಾಗ ಲೆನ್ಸ್ ಉದ್ದವಾಗುತ್ತದೆ, ಆ ಉದ್ದಕ್ಕೇ ಅಳತೆ ತಗೊಳ್ಳಿ.

ಸರಿಯಾಗಿದೆಯಾ ಅಂತ ನೋಡಲು ಹುಳ ಬೇಡ. ಅಡುಗೆಮನೆಯ ಸ್ಟೀಲ್ ಚಮಚದ ಬೆನ್ನಿನ ಫೋಟೋ ತೆಗೆಯಿರಿ. ನಿಮ್ಮ ಡಿಫ್ಯೂಸರ್ ಅದರಲ್ಲಿ ಪ್ರತಿಬಿಂಬವಾಗಿ ಕಾಣುತ್ತದೆ. ಹಾಳೆ ಪೂರ್ತಿ ಒಂದೇ ಸಮ ಬೆಳ್ಳಗಿದ್ದರೆ ಗೆದ್ದಿರಿ. ನಡುವೆ ಕಣ್ಣು ಕುಕ್ಕುವ ಚುಕ್ಕೆ ಇದ್ದರೆ ಫ್ಲಾಶ್ ತಲೆಯ ಹತ್ತಿರ ಇನ್ನೊಂದು ಪದರ ಹಾಕಿ, ಎರಡರ ನಡುವೆ ನಾಲ್ಕು ಬೆರಳು ಜಾಗ ಬಿಡಿ. ಗೆಣಸಿನ ಬಳ್ಳಿಯ ಮೇಲೆ ಚಿನ್ನದ ಬಣ್ಣದ ಪುಟ್ಟ ದುಂಬಿ ಕೂರುತ್ತದಲ್ಲ, ಅದರ ಬೆನ್ನೂ ಈ ಚಮಚವೂ ಒಂದೇ. ಚಮಚದಲ್ಲಿ ಕಂಡ ಚುಕ್ಕೆ ಅಲ್ಲೂ ಕಾಣುತ್ತದೆ.

ಸೆಟ್ಟಿಂಗ್: ಎಂ (ಮ್ಯಾನುಯಲ್) ಮೋಡ್, ಶಟರ್ 1/200, ಎಫ್/16, ಐಎಸ್‌ಓ 200, ಫ್ಲಾಶ್ ಪವರ್ 1/8. ಇಲ್ಲಿಂದ ಶುರು ಮಾಡಿ ಪವರ್ ಮಾತ್ರ ಏರಿಸಿ ಇಳಿಸಿ. ನಿಮ್ಮ ಕ್ಯಾಮೆರಾದಲ್ಲಿ 1/200ಕ್ಕಿಂತ ಮೇಲೆ ಹೋದರೆ ಫ್ಲಾಶ್ ಜೊತೆ ಹೊಂದಲ್ಲ. ಹಿನ್ನೆಲೆ ಕಪ್ಪಾಗಿ ಬಂದು ಹಗಲಲ್ಲಿ ತೆಗೆದದ್ದೂ ರಾತ್ರಿಯ ಹಾಗೆ ಕಾಣಬಹುದು. ಅದಕ್ಕೆ ಕಾರಣ ಇದೆ. ಡಿಫ್ಯೂಸರಿನಿಂದ ಹತ್ತು ಸೆಂಟಿಮೀಟರ್‌ನಲ್ಲಿರುವ ಹುಳಕ್ಕೆ ಬೀಳುವ ಬೆಳಕಿನ ಹದಿನಾರನೇ ಒಂದು ಭಾಗ ಮಾತ್ರ ನಲವತ್ತು ಸೆಂಟಿಮೀಟರ್ ದೂರದ ಗಿಡಕ್ಕೆ ತಲುಪುವುದು. ಉಪಾಯ, ಉದುರಿದ ಒಂದು ಹಸಿರೆಲೆಯನ್ನು ಹುಳದ ಹಿಂದೆ ಒಂದು ಗೇಣಿನೊಳಗೆ ಹಿಡಿಯಿರಿ. ಇಲ್ಲವೇ ಐಎಸ್‌ಓ 800ಕ್ಕೆ ಏರಿಸಿ, ಶಟರ್ 1/60ಕ್ಕೆ ಇಳಿಸಿ, ಫ್ಲಾಶ್ ಪವರ್ ತಗ್ಗಿಸಿ.

ಟ್ರೈಪಾಡ್ ತೋಟಕ್ಕೆ ಒಯ್ಯಬೇಡಿ. ಕಾಲು ಬಿಡಿಸುವಷ್ಟರಲ್ಲಿ ಹುಳ ಪಕ್ಕದ ಮನೆಯವರದ್ದಾಗಿರುತ್ತದೆ. ಎಡಗೈಯ ಎರಡು ಬೆರಳಲ್ಲಿ ಹುಳ ಕೂತ ಕಡ್ಡಿಯನ್ನು ಮೆಲ್ಲಗೆ ಹಿಡಿದು, ಅದೇ ಕೈಯ ಮಣಿಕಟ್ಟಿನ ಮೇಲೆ ಲೆನ್ಸ್ ಊರಿ. ಗಾಳಿ ಬಂದರೆ ಕಡ್ಡಿ, ಕೈ, ಕ್ಯಾಮೆರಾ ಮೂರೂ ಒಟ್ಟಿಗೇ ಅಲುಗುತ್ತವೆ, ಫೋಕಸ್ ಹೋಗಲ್ಲ. ಆಷಾಢದ ಗಾಳಿಯಲ್ಲೂ ಇದು ನಡೆಯುತ್ತದೆ.

ಮೊದಲಿಗೆ ಯಾವ ಹುಳ ಅಂತೀರಾ? ಮಲಗಿರೋದು. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಬೇಲಿಸಾಲಿನ ಒಣಗಿದ ತೆಳು ಕಡ್ಡಿಗಳನ್ನು ಹುಡುಕಿ. ನೀಲಿ ಪಟ್ಟೆಯ ಒಂಟಿ ಜೇನು ಅಲ್ಲಿ ಬಂದು ಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಕಾಲು ಮಡಚಿ, ಗಾಳಿಯಲ್ಲಿ ಅಡ್ಡಡ್ಡ ಮಲಗಿಬಿಡುತ್ತದೆ. ಬಾಯಿ ಬಿಟ್ಟರೆ ಬಿದ್ದೇ ಹೋಗಬೇಕು, ಆದರೂ ಬಿಡಲ್ಲ. ಗಂಡುಗಳಾದರೆ ಒಂದೇ ಕಡ್ಡಿಯಲ್ಲಿ ಸಾಲಾಗಿ ಐದಾರು ಇರುವುದೂ ಉಂಟು. ಹಗಲಲ್ಲಿ ತುಳಸಿ ಹೂವಿನ ಹತ್ತಿರ ಒಂದು ಕ್ಷಣ ನಿಲ್ಲದ ಇದೇ ಜೇನು, ಈಗ ಮೈಮೇಲಿನ ಒಂದೊಂದು ರೋಮವನ್ನೂ ಎಣಿಸಲು ಬಿಡುತ್ತದೆ. ಬದನೆ, ಟೊಮೆಟೊ ಹೂವನ್ನು ಹಿಡಿದು ಮೈ ಅದುರಿಸಿ ಪರಾಗ ಉದುರಿಸುವ ಜೇನೂ ಇದೇ. ಆ ನೀಲಿ ಬಣ್ಣ ಡಿಫ್ಯೂಸರ್ ಚೆನ್ನಾಗಿದ್ದರೆ ಮಾತ್ರ ನೀಲಿಯಾಗಿ ಬರುತ್ತದೆ, ಇಲ್ಲದಿದ್ದರೆ ಬರೀ ಬಿಳಿ ಹೊಳಪು. ಚಳಿಗಾಲದ ಮುಂಜಾನೆಯೂ ಒಳ್ಳೆಯದು. ಮೈ ಬೆಚ್ಚಗಾಗುವವರೆಗೆ ಹುಳಗಳು ಹಾರಲಾರವು.

ಕೈ ಪಳಗಿದ ಮೇಲೆ ಮಾವಿನ ಮರದ ಚಗಳಿ ಗೂಡಿನ ಹತ್ತಿರ ಹೋಗಿ. ಕೆಂಜಿಗ ಅಂತಲೂ ಅನ್ನುತ್ತಾರೆ, ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ. ಅವುಗಳ ನಡುವೆ ಒಂದು ಇರುವೆ ಯಾಕೋ ಸರಿಯಿಲ್ಲ ಅನ್ನಿಸಿದರೆ ಕ್ಯಾಮೆರಾ ಎತ್ತಿ. ಅದು ಇರುವೆಯ ವೇಷದ ಜಿಗಿಯುವ ಜೇಡ ಇರಬಹುದು. ಅದೇ ಕೆಂಪು, ಅದೇ ಸಣ್ಣ ಸೊಂಟ. ಎಂಟು ಕಾಲಲ್ಲಿ ಮುಂದಿನ ಎರಡನ್ನು ಎತ್ತಿ ಮೀಸೆಯ ಹಾಗೆ ಆಡಿಸುತ್ತಿರುತ್ತದೆ. ಗಂಡಿಗಂತೂ ಮುಂದಕ್ಕೆ ಚಾಚಿದ ಉದ್ದನೆಯ ದವಡೆ, ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೊರಟ ಹಾಗಿರುತ್ತದೆ. ಬರಿಗಣ್ಣಿಗೆ ಮೋಸ ಹೋಗುವುದು ಸಹಜ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಮುಖದ ಮುಂದೆ ಎರಡು ದೊಡ್ಡ ದುಂಡು ಕಣ್ಣು ನಿಮ್ಮನ್ನೇ ದಿಟ್ಟಿಸುತ್ತಿರುತ್ತವೆ! ಚಗಳಿ ಮಾತ್ರ ಅಸಲಿಯೇ ಕಚ್ಚುತ್ತದೆ, ತೋಳು ತುಂಬ ಅಂಗಿ ಹಾಕಿಕೊಂಡು ಹೋಗಿ.

ಹುಳವನ್ನು ಫ್ರಿಜ್‌ನಲ್ಲಿಟ್ಟು ಜಡ ಮಾಡಿ ತೆಗೆಯುವವರಿದ್ದಾರೆ. ನನಗೆ ಅದು ಸುತರಾಂ ಇಷ್ಟವಿಲ್ಲ, ಅಂಥ ಫೋಟೋದಲ್ಲಿ ಕಾಲು ಸೊಟ್ಟಗೆ ಕೂತಿರುವುದು ಗೊತ್ತಾಗಿಬಿಡುತ್ತದೆ. ಮತ್ತೆ ಮಲೆನಾಡಿನಲ್ಲಾದರೆ ಮಂಡಿಯೂರುವ ಮುಂಚೆ ತರಗೆಲೆ ನೋಡಿ. ಅದರೊಳಗೆ ಮಂಡಲದ ಹಾವು ಸುರುಳಿ ಸುತ್ತಿ ಮಲಗಿದ್ದರೆ ಎಲೆಗೂ ಅದಕ್ಕೂ ವ್ಯತ್ಯಾಸ ತಿಳಿಯಲ್ಲ.

ಅಂಗಡಿಯವರು ಹೇಳಿದರೂ ಎಲ್ಇಡಿ ರಿಂಗ್ ಲೈಟ್ ಬೇಡ. ಎಫ್/16ಕ್ಕೆ ಅದರ ಬೆಳಕು ಸಾಲುವುದೇ ಇಲ್ಲ, ಕಣ್ಣಲ್ಲಿ ಬಳೆಯಂಥ ಬಿಳಿ ಗುರುತು ಬೇರೆ. ಅಗ್ಗಕ್ಕೆ ಸಿಗುತ್ತದೆ ಅಂತ ನಿಕಾನ್ 40 ಎಂಎಂ ಮ್ಯಾಕ್ರೋ ಕೂಡ ಹುಳಕ್ಕಾಗಿ ಬೇಡ. ಲೆನ್ಸ್ ಒಳ್ಳೆಯದೇ, ಆದರೆ 1:1ಕ್ಕೆ ಹುಳದಿಂದ ಮೂರು-ನಾಲ್ಕು ಸೆಂಟಿಮೀಟರ್ ದೂರಕ್ಕೆ ಹೋಗಬೇಕು. ಹುಳ ಓಡುತ್ತದೆ, ಲೆನ್ಸಿನ ನೆರಳೂ ಬೀಳುತ್ತದೆ. ಮುಂದೆ ಯಾವಾಗಲಾದರೂ ಕೊಳ್ಳುವುದಾದರೆ 90-105 ಎಂಎಂ ನೋಡಿ. ಲೆನ್ಸ್ ಉಲ್ಟಾ ಹಾಕುವ ರಿವರ್ಸ್ ರಿಂಗ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಆದರೆ ನಿಮ್ಮ 18-55ರಲ್ಲಿ ಅಪರ್ಚರ್ ರಿಂಗ್ ಇಲ್ಲದ ಕಾರಣ ಪರದಾಡುತ್ತೀರಿ. ಹಳೇ 50 ಎಂಎಂ 1.8ಡಿ ಯಾರಾದರೂ ಕೊಟ್ಟರೆ ಉಲ್ಟಾ ಹಾಕಿ ನೋಡಿ, ಸುಮಾರು 1:1 ಸಿಗುತ್ತದೆ.

ನಾಣ್ಯದ ವಿಷಯ. ಇಲ್ಲಿ ಟ್ರೈಪಾಡ್ ಬೇಕು, ಫ್ಲಾಶ್ ಬೇಡ, ಓದುವ ಟೇಬಲ್ ಲ್ಯಾಂಪ್ ನಡೆಯುತ್ತದೆ. 25 ಮಿಲಿಮೀಟರಿನ ಕಾಸಿಗೆ ರೇನಾಕ್ಸ್ ಹಾಕಿ ಜೂಮ್ 70ಕ್ಕೆ ಇಟ್ಟರೆ ಸರಿಯಾಗಿ ಫ್ರೇಮ್ ತುಂಬುತ್ತದೆ. 30 ಮಿಲಿಮೀಟರ್ ದಾಟುವ ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಗೆ 18-55 ಒಂದೇ ಸಾಕು, 55ಕ್ಕೆ ಇಡಿ. ಕ್ಯಾಮೆರಾ ನೇರ ಕೆಳಗೆ ನೋಡುತ್ತಿದೆಯಾ ಅಂತ ತಿಳಿಯಲು ನಾಣ್ಯದ ಜಾಗದಲ್ಲಿ ಪುಟ್ಟ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ನಟ್ಟನಡುವೆ ಕಂಡರೆ ಸರಿ. ಎಫ್/8, ಐಎಸ್‌ಓ 100, ಎರಡು ಸೆಕೆಂಡಿನ ಟೈಮರ್.

ಸವೆದ ತಾಮ್ರದ ಕಾಸಿಗೆ, ಉದಾಹರಣೆಗೆ ಆನೆ ಚಿತ್ರದ ಮೈಸೂರು ಕಾಸಿಗೆ, ಲ್ಯಾಂಪನ್ನು ಪಕ್ಕದಿಂದ ತೀರಾ ತಗ್ಗಿನಲ್ಲಿಡಿ. ಕಾಣದ ಸೊಂಡಿಲೂ ನೆರಳಿನಿಂದ ಎದ್ದು ಬರುತ್ತದೆ. ಹೊಳೆಯುವ ಬೆಳ್ಳಿಗೆ ಈ ದಾರಿ ಆಗಲ್ಲ, ಕಪ್ಪಗೆ ಬರುತ್ತದೆ. ಅದಕ್ಕೆ ಫೋಟೋ ಫ್ರೇಮಿನ ಗಾಜು ಬಿಚ್ಚಿ ಚೆನ್ನಾಗಿ ಒರೆಸಿ, ನಾಣ್ಯದ ಮೇಲೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಲ್ಯಾಂಪ್ ಪಕ್ಕದಿಂದ ಗಾಜಿಗೆ ಬಿದ್ದು, ಅಲ್ಲಿಂದ ನೇರ ಕೆಳಕ್ಕೆ ನಾಣ್ಯದ ಮೇಲೆ ಬೀಳಲಿ. ಪಕ್ಕದ ಬೆಳಕು ನಾಣ್ಯಕ್ಕೆ ನೇರವಾಗಿ ತಾಗದಂತೆ ನಡುವೆ ಒಂದು ಕಪ್ಪು ರಟ್ಟಿನ ಚೂರು ನಿಲ್ಲಿಸಿ. ಕ್ಯಾಮೆರಾ ಗಾಜಿನ ಮೂಲಕವೇ ನೋಡುತ್ತದೆ. ರಾಜನ ಗಡ್ಡದ ಕೂದಲು ಕೂದಲೂ ಸಿಗುತ್ತದೆ. ಮತ್ತೆ ದಯವಿಟ್ಟು, ಚೆಂದ ಕಾಣಲಿ ಅಂತ ಹುಣಸೆಹಣ್ಣು ಹಾಕಿ ನಾಣ್ಯ ತಿಕ್ಕಬೇಡಿ. ಸಂಗ್ರಹ ಮಾಡುವವರು ಬೆಲೆ ಕೊಡುವುದು ಆ ಹಳೇ ಕಂದು ಬಣ್ಣಕ್ಕೇ.