ಗುಂಯ್ ಎನ್ನುವ ಸದ್ದು ಎಕ್ಸ್-ರೇಯದ್ದಲ್ಲ

ಪ್ರಶ್ನೆ: ಎದೆಯ ಎಕ್ಸ್-ರೇ ತೆಗೆಸಲು ಹೋಗಿದ್ದೆ. ತಂತ್ರಜ್ಞರು ಗುಂಡಿ ಒತ್ತಿದ ಕೂಡಲೇ ಯಂತ್ರ ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಬೀಪ್ ಸದ್ದು ಕೇಳಿಸಿತು. ಅಷ್ಟೂ ಹೊತ್ತು ನನ್ನ ಮೇಲೆ ವಿಕಿರಣ ಬೀಳುತ್ತಿತ್ತೇ? ಮಾಮೂಲಿ ಕರೆಂಟಿನಿಂದ ಎಕ್ಸ್-ರೇ ಹುಟ್ಟುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಖಂಡಿತ ಇಲ್ಲ. ಗುಂಯ್ ಎಂದದ್ದು ಮೋಟಾರು. ಎಕ್ಸ್-ರೇಗೆ ಸದ್ದೇ ಇಲ್ಲ. ಅದು ಹೊಮ್ಮಿದ್ದು ಕೊನೆಯಲ್ಲಿ, ಸೆಕೆಂಡಿನ ಸಣ್ಣದೊಂದು ಪಾಲಿನಷ್ಟು ಹೊತ್ತು ಮಾತ್ರ.

ತಂತ್ರಜ್ಞರ ಕೈಯಲ್ಲಿರುವ ಗುಂಡಿಗೆ ಎರಡು ಹಂತಗಳಿವೆ. ಅರ್ಧ ಒತ್ತಿದಾಗ ಎರಡು ಕೆಲಸ ಶುರುವಾಗುತ್ತವೆ. ಎಕ್ಸ್-ರೇ ಹುಟ್ಟಿಸುವ ಗಾಜಿನ ಟ್ಯೂಬಿನೊಳಗಿನ ಟಂಗ್‌ಸ್ಟನ್ ಫಿಲಮೆಂಟಿಗೆ, ಅಂದರೆ ಸಣ್ಣ ತಂತಿಯ ಸುರುಳಿಗೆ, ಹತ್ತು ವೋಲ್ಟಿನ ಆಸುಪಾಸಿನಲ್ಲಿ ಕೆಲವು ಆಂಪಿಯರ್ ಕರೆಂಟ್ ಹರಿದು, ಅದು ಬೆಳ್ಳಗೆ ಕಾದು ಎಲೆಕ್ಟ್ರಾನುಗಳನ್ನು ಹೊರಹಾಕುತ್ತದೆ. ಆ ಎಲೆಕ್ಟ್ರಾನುಗಳು ಹೋಗಿ ಬಡಿಯಬೇಕಾದ, ಎದುರಿಗಿರುವ ಆನೋಡ್ ತಟ್ಟೆ ತಿರುಗತೊಡಗುತ್ತದೆ. ಈ ಮೋಟಾರಿನ ರಚನೆ ನನಗೆ ಇಂದಿಗೂ ಬೆರಗು: ಸುರುಳಿಗಳು ಗಾಜಿನ ಹೊರಗೆ, ತಿರುಗುವ ರೋಟರ್ ಒಳಗಿನ ನಿರ್ವಾತದಲ್ಲಿ. ನಡುವೆ ತಂತಿಯ ಸಂಪರ್ಕವಿಲ್ಲದೆ ಕಾಂತಕ್ಷೇತ್ರವೊಂದೇ ಗಾಜನ್ನು ದಾಟಿ ಅದನ್ನು ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗಿಸುತ್ತದೆ. ಕೆಲವು ಟ್ಯೂಬುಗಳಲ್ಲಿ ವೇಗ ಇದರ ಮೂರು ಪಟ್ಟು.

ಇಷ್ಟು ವೇಗ ಏಕೆಂದರೆ, ತಟ್ಟೆಗೆ ಬಡಿಯುವ ಎಲೆಕ್ಟ್ರಾನುಗಳ ಶಕ್ತಿಯಲ್ಲಿ ಶೇ 99ರಷ್ಟು ಬರೀ ಶಾಖವಾಗುತ್ತದೆ; ಉಳಿದ ಚೂರು ಮಾತ್ರ ಎಕ್ಸ್-ರೇ ಆಗಿ ಹೊಮ್ಮುತ್ತದೆ. ತಟ್ಟೆ ನಿಂತಲ್ಲೇ ನಿಂತಿದ್ದರೆ ಪೆಟ್ಟು ಬೀಳುವ ಜಾಗ ಕರಗಿಹೋದೀತು. ಟಂಗ್‌ಸ್ಟನ್ ಕರಗಲು 3400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಬೇಕು. ಆದರೂ ಅದು ಸಾಲದು!

ಗುಂಡಿಯನ್ನು ಪೂರ್ತಿ ಒತ್ತಿದಾಗಷ್ಟೇ ಎಲೆಕ್ಟ್ರಾನುಗಳನ್ನು ತಟ್ಟೆಯತ್ತ ರಭಸದಿಂದ ಸೆಳೆಯುವ ಹೈವೋಲ್ಟೇಜ್ ಬರುತ್ತದೆ. ಈಗಿನ ಯಂತ್ರಗಳು ಮೊದಲು 50 ಹರ್ಟ್ಸ್‌ನ ಎಸಿಯನ್ನು ಡಿಸಿ ಮಾಡಿಕೊಳ್ಳುತ್ತವೆ. ಇನ್ವರ್ಟರ್ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಅತ್ತಿತ್ತ ಹೊರಳಿಸುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸಿದ ಮೇಲೆ ರೆಕ್ಟಿಫೈಯರ್ ಮತ್ತೆ ಡಿಸಿ ಮಾಡುತ್ತದೆ. ಹಳೆಯ ಯಂತ್ರಗಳಲ್ಲಿ ವೋಲ್ಟೇಜ್ ಏರಿಳಿಯುತ್ತಲೇ ಇತ್ತು. ಇಳಿದಾಗ ಹುಟ್ಟುವ ದುರ್ಬಲ ಕಿರಣಗಳು ಚಿತ್ರಕ್ಕೆ ಒದಗದೆ ದೇಹದಲ್ಲೇ ಹೀರಿಹೋಗುತ್ತಿದ್ದವು. ಈಗ ವೋಲ್ಟೇಜ್ ಹೆಚ್ಚೂಕಡಿಮೆ ಸ್ಥಿರ. ರೋಗಿಗೆ ಇದು ನಿಜವಾದ ಲಾಭ.

ಹೈವೋಲ್ಟೇಜ್ ಕಿರಣದ ಭೇದಿಸುವ ಶಕ್ತಿಯನ್ನು ತೀರ್ಮಾನಿಸುತ್ತದೆ: ಕೈಬೆರಳಿಗೆ 50 ಕಿಲೋವೋಲ್ಟ್ ಸಾಕು, ಎದೆಗೆ ನೂರು ದಾಟುವುದುಂಟು. ಫಿಲಮೆಂಟಿನ ಕಾವು ಕಿರಣದ ಪ್ರಮಾಣವನ್ನು ನಿರ್ಧರಿಸುತ್ತದೆ. 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ರಾಂಟ್‌ಜೆನ್ ಬಳಸಿದ ಟ್ಯೂಬಿನಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಹಿಡಿತದಲ್ಲಿಡುವಂತಿರಲಿಲ್ಲ; ಟ್ಯೂಬಿನಲ್ಲಿ ಉಳಿದ ಅನಿಲದ ಮರ್ಜಿಗೆ ಕಾಯಬೇಕಿತ್ತು. 1913ರಲ್ಲಿ ವಿಲಿಯಂ ಕೂಲಿಡ್ಜ್ ಕಾದ ಫಿಲಮೆಂಟಿನ ಟ್ಯೂಬ್ ರೂಪಿಸಿದ ಮೇಲೆ ಆ ಹಿಡಿತ ಸಿಕ್ಕಿತು. ಈ ಕ್ಷೇತ್ರದ ಅತಿ ದೊಡ್ಡ ಸುಧಾರಣೆ ಇದೇ ಎಂಬುದು ನನ್ನ ಅಭಿಪ್ರಾಯ.

ಗುಂಡಿಯನ್ನು ಒಂದೇ ಸಲಕ್ಕೆ ಪೂರ್ತಿ ಒತ್ತಿದರೂ ತಟ್ಟೆ ವೇಗ ಪಡೆಯುವ ತನಕ ಹೈವೋಲ್ಟೇಜ್ ಹೋಗದಂತೆ ಸುರಕ್ಷತಾ ವ್ಯವಸ್ಥೆಯಾದ ಇಂಟರ್‌ಲಾಕ್ ತಡೆಯುತ್ತದೆ. ಟೈಮರ್ ಮುಗಿಯುವ ಮುನ್ನವೇ ಬೆರಳು ತೆಗೆದರೆ ಕಿರಣ ಅಲ್ಲಿಗೇ ನಿಲ್ಲುತ್ತದೆ, ಕೋಣೆಯಲ್ಲಿ ಏನೂ ಉಳಿಯುವುದಿಲ್ಲ. ಅರ್ಧ ಒತ್ತಿ ಸುಮ್ಮನೆ ಕಾಯುವುದರಿಂದ ರೋಗಿಗೆ ತೊಂದರೆಯಿಲ್ಲ, ಟ್ಯೂಬಿಗೆ ಇದೆ: ಫಿಲಮೆಂಟಿನ ಟಂಗ್‌ಸ್ಟನ್ ಆವಿಯಾಗಿ ಗಾಜಿನ ಒಳಮೈಗೆ ಅಂಟಿ ಆಯಸ್ಸು ತಗ್ಗುತ್ತದೆ. ಆದ್ದರಿಂದಲೇ ಒಳ್ಳೆಯ ತಂತ್ರಜ್ಞರು ಮೊದಲು ನಿಮ್ಮನ್ನು ಸರಿಯಾಗಿ ನಿಲ್ಲಿಸಿ, ಆಮೇಲಷ್ಟೇ ಗುಂಡಿಗೆ ಬೆರಳಿಡುತ್ತಾರೆ.