ಕಾರ್ಡ್ ಉಜ್ಜಿದ ಖರ್ಚು ಯಾರ ತಲೆಗೆ?

ಪತ್ರ: ‘ನಮ್ಮ ಹಿಟ್ಟಿನ ಗಿರಣಿ ಮುಚ್ಚಿದೆವು. ಯಂತ್ರ, ಮೋಟಾರ್ ಎರಡೂ ಸೇರಿ 60,000 ರೂಪಾಯಿ ಅಂತ ನಿಮ್ಮ ಕೊಡು-ಕೊಳ್ಳು ಪುಟದಲ್ಲಿ ಹಾಕಿಸಿದ್ದೆ. ಗುಬ್ಬಿ ಕಡೆಯವರೊಬ್ಬರು ಬಂದು ನೋಡಿ ಒಪ್ಪಿಕೊಂಡರು. ಕೈಯಲ್ಲಿ ದುಡ್ಡಿಲ್ಲ, ಕ್ರೆಡಿಟ್ ಕಾರ್ಡ್ ಇದೆ ಅಂದರು. ನಮ್ಮ ಭಾವಮೈದುನನ ಹಾರ್ಡ್‌ವೇರ್ ಅಂಗಡಿಗೆ ಕರೆದುಕೊಂಡು ಹೋಗಿ ಅಲ್ಲಿನ ಮೆಷಿನ್ನಿನಲ್ಲಿ ಸ್ವೈಪ್ ಮಾಡಿಸಿದೆ. ಅಂಗಡಿ ಖಾತೆಗೆ ಬಂದದ್ದು 58,584 ಮಾತ್ರ. 1,416 ರೂಪಾಯಿ ಬ್ಯಾಂಕ್ ಹಿಡಿದುಕೊಂಡಿದೆ. ಕೊಂಡವರನ್ನು ಕೇಳಿದರೆ, ಅರವತ್ತು ಅಂದ್ರಿ, ಅರವತ್ತು ಕೊಟ್ಟಾಯ್ತು ಅನ್ನುತ್ತಾರೆ. ಇದು ಅವರೇ ಕೊಡಬೇಕಲ್ವಾ? ಇನ್ನು ಮುಂದೆ ಜಾಹೀರಾತಿನಲ್ಲೇ ‘ಆನ್‌ಲೈನ್ ಶುಲ್ಕ ಕೊಳ್ಳುವವರದ್ದು’ ಅಂತ ಹಾಕಬಾರದೇ?’
– ಒಬ್ಬ ಓದುಗರು, ತಿಪಟೂರು

ಸಂಪಾದಕರ ಉತ್ತರ:

ನಮಸ್ಕಾರ. ನೇರವಾಗಿ ಹೇಳಿಬಿಡುತ್ತೇನೆ. ಆ 1,416 ರೂಪಾಯಿಯನ್ನು ಈಗ ನೀವು ಕೇಳುವ ಹಾಗಿಲ್ಲ. ನ್ಯಾಯವಾಗಿ ಅದು ಕೊಂಡವರ ಖರ್ಚೇ, ಅದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಅದನ್ನು ಹೇಳಬೇಕಾದ ಹೊತ್ತು ಕಾರ್ಡ್ ಉಜ್ಜುವ ಮುಂಚೆ. ಯಂತ್ರ ಟೆಂಪೋ ಹತ್ತಿ ಗುಬ್ಬಿ ಸೇರಿದ ಮೇಲೆ ಫೋನ್ ಮಾಡಿ ಇನ್ನೊಂದಿಷ್ಟು ಕೊಡಿ ಅಂದರೆ ಯಾರಿಗಾದರೂ ಕಿರಿಕಿರಿಯೇ.

ಅವರ ಖರ್ಚು ಅಂತ ಯಾಕೆ ಅಂದೆ? ಕ್ರೆಡಿಟ್ ಕಾರ್ಡಿನಿಂದ ಲಾಭ ಆದದ್ದು ಅವರಿಗೆ. ಬಿಲ್ ಬಂದು ಗಡುವು ಮುಗಿಯುವವರೆಗೆ ಬಡ್ಡಿಯಿಲ್ಲದ ಸಾಲ ಸಿಕ್ಕಿತು. ಕಾರ್ಡಿನವರು ಕೊಡುವ ಪಾಯಿಂಟೂ ಬಿತ್ತು. ನಿಮಗೆ ಸಿಕ್ಕಿದ್ದೇನು? ಯುಪಿಐನಲ್ಲಿ ಕಳಿಸಿದ್ದರೆ ಪೂರ್ತಿ ಅರವತ್ತು ಸಾವಿರ ಆ ಕ್ಷಣವೇ ನಿಮ್ಮ ಖಾತೆಗೆ ಬರುತ್ತಿತ್ತು. ದುಬಾರಿ ದಾರಿ ಹಿಡಿದವರು ಅವರು, ಟೋಲ್ ಕಟ್ಟಿದವರು ನೀವು.

ಈಗ ನಿಮ್ಮ ಎರಡನೇ ಪ್ರಶ್ನೆ. ‘ಆನ್‌ಲೈನ್ ಶುಲ್ಕ’ ಅಂತ ಒಂದೇ ಮಾತಿನಲ್ಲಿ ಎಲ್ಲವನ್ನೂ ಕಟ್ಟಿಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಯುಪಿಐಗೆ ಶುಲ್ಕವೇ ಇಲ್ಲವಲ್ಲ! ನಿಮ್ಮ ಬ್ಯಾಂಕ್ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕಳಿಸಿದರೆ ಕೊಡುವವರಿಗೂ ಖರ್ಚಿಲ್ಲ, ಪಡೆಯುವವರಿಗೂ ಇಲ್ಲ. ಅಂಗಡಿಯವರಿಂದ ಬ್ಯಾಂಕುಗಳು ಕಡಿದುಕೊಳ್ಳುವ ಹಣಕ್ಕೆ ಎಂಡಿಆರ್ ಅನ್ನುತ್ತಾರೆ. 2020ರ ಜನವರಿ 1ರಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ಅದು ಸೊನ್ನೆ. ಉಳಿತಾಯ ಖಾತೆಯಿಂದ ಆನ್‌ಲೈನ್‌ನಲ್ಲಿ ನೆಫ್ಟ್ (ಬ್ಯಾಂಕಿನಿಂದ ಬ್ಯಾಂಕಿಗೆ ವರ್ಗಾವಣೆ) ಮಾಡಿದರೂ ಬ್ಯಾಂಕ್ ಏನೂ ಹಿಡಿಯುವಂತಿಲ್ಲ. ಹೀಗಿರುವಾಗ ‘ಫೋನ್‌ಪೇ ಆದ್ರೆ ನೂರು ರೂಪಾಯಿ ಜಾಸ್ತಿ’ ಅನ್ನುವವರು ಇದ್ದಾರೆ. ಮೊಬೈಲ್ ರೀಚಾರ್ಜ್ ಮಾಡುವಾಗ ಕೆಲವು ಆ್ಯಪ್‌ಗಳು ಒಂದೆರಡು ರೂಪಾಯಿ ಹಿಡಿಯುತ್ತವೆ, ಅದನ್ನು ನೋಡಿ ಎಲ್ಲಕ್ಕೂ ಹೀಗೇ ಅಂದುಕೊಂಡವರೂ ಇರಬಹುದು. ಉಳಿದವರಿಗೆ ನಗದು ಬೇಕು, ಅಷ್ಟೇ. ನಗದು ಬೇಕಿದ್ದರೆ ನಗದು ಬೇಕು ಅಂತಲೇ ಹೇಳಲಿ. ಇಲ್ಲದ ಶುಲ್ಕದ ಹೆಸರಲ್ಲಿ ನೂರು ಕೀಳುವುದು ಬೇಡ.

ಡೆಬಿಟ್ ಕಾರ್ಡಿನ ಕಥೆ ಬೇರೆ. ರುಪೇ ಬಿಟ್ಟು ಉಳಿದ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕ್ 2018ರ ಜನವರಿಯಿಂದ ಒಂದು ಮಿತಿ ಹಾಕಿದೆ. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟು ಇರುವ ಅಂಗಡಿಗೆ ಸ್ವೈಪ್ ಮೆಷಿನ್ನಿನಲ್ಲಿ ಹೆಚ್ಚೆಂದರೆ ಶೇ. 0.40, ಅದಕ್ಕಿಂತ ದೊಡ್ಡ ಅಂಗಡಿಗೆ ಶೇ. 0.90. ಈ ಖರ್ಚನ್ನು ಅಂಗಡಿಯವರು ಗಿರಾಕಿಯ ಮೇಲೆ ಹಾಕದ ಹಾಗೆ ನೋಡಿಕೊಳ್ಳಿ ಅಂತ ಬ್ಯಾಂಕುಗಳಿಗೆ ಹೇಳಿಯೂ ಇದೆ. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ. ಅಂಗಡಿಗೂ ಬ್ಯಾಂಕಿಗೂ ಏನು ಒಪ್ಪಂದವೋ ಅದು. ನಿಮ್ಮ ಲೆಕ್ಕ ನೋಡಿದರೆ ಶೇ. 2 ಅಂದರೆ 1,200, ಅದರ ಮೇಲೆ ಶೇ. 18 ಜಿಎಸ್‌ಟಿ ಅಂದರೆ 216. ಬ್ಯಾಂಕ್ ಲೆಕ್ಕ ತಪ್ಪಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಮಾತ್ರ ಈ 1,416 ಅಲ್ಲ, ಭಾವಮೈದುನರ ಅಂಗಡಿ. ನೀವು ಅದನ್ನು ಒಂದೇ ಸಾಲಲ್ಲಿ ಬರೆದು ಮುಗಿಸಿದ್ದೀರಿ. ಆ ಮೆಷಿನ್ ಕೊಟ್ಟಿರುವುದು ಅವರ ಅಂಗಡಿಯ ಮಾಲು ಮಾರುವುದಕ್ಕೆ. ಅಲ್ಲಿ ಯಾರದೋ ಗಿರಣಿ ಯಂತ್ರದ ದುಡ್ಡು ಬಿದ್ದರೆ ಲೆಕ್ಕದಲ್ಲಿ ಅದು ಹಾರ್ಡ್‌ವೇರ್ ಮಾರಾಟ ಅಂತಲೇ ಕಾಣುತ್ತದೆ. ಬಿಲ್ ಇಲ್ಲ, ಮಾಲು ಹೋಗಿಲ್ಲ, ಅರವತ್ತು ಸಾವಿರ ಮಾತ್ರ ಬಂದಿದೆ. 2025ರ ಜುಲೈನಲ್ಲಿ ಏನಾಯಿತು ನೆನಪಿದೆಯಲ್ಲ? ಯುಪಿಐನಲ್ಲಿ ಬಂದ ಹಣದ ಲೆಕ್ಕ ಹಿಡಿದು ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಕ್ಯೂಆರ್ ಕೋಡ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಚೀಟಿ ಅಂಟಿಸಿದ ಅಂಗಡಿಗಳು ಎಷ್ಟೋ. ಆಗ ಹಲವರು ಹೇಳಿಕೊಂಡದ್ದು ಇದನ್ನೇ: ಖಾತೆಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡಲ್ಲ, ನೆಂಟರು ಕೊಟ್ಟದ್ದೂ ಕೈಸಾಲವೂ ಅದರಲ್ಲಿ ಸೇರಿದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆ 40 ಲಕ್ಷದ ಹತ್ತಿರ ಇರುವ ಅಂಗಡಿ ಅದನ್ನು ದಾಟುವುದಕ್ಕೆ ನಿಮ್ಮಂಥ ಇಬ್ಬರು ಮೂವರು ನೆಂಟರು ಸಾಕು.

ಇನ್ನೊಂದು ಅಪಾಯವೂ ಇದೆ. ಕಾರ್ಡಿನಲ್ಲಿ ಕೊಟ್ಟವರು ಮುಂದೆ ‘ಮಾಲು ಸರಿ ಇಲ್ಲ’ ಅಂತ ತಮ್ಮ ಬ್ಯಾಂಕಿಗೆ ದೂರು ಕೊಡಬಹುದು. ಆ ದೂರನ್ನು ಬ್ಯಾಂಕ್ ಒಪ್ಪಿದರೆ ದುಡ್ಡು ವಾಪಸ್ ಹೋಗುವುದು ನಿಮ್ಮ ಖಾತೆಯಿಂದಲ್ಲ, ಭಾವಮೈದುನರ ಖಾತೆಯಿಂದ. ಗಿರಣಿಯ ಕಲ್ಲು ಸವೆದಿತ್ತೋ ಇಲ್ಲವೋ ಅಂತ ಅವರು ಬ್ಯಾಂಕಿಗೆ ಏನಂತ ಉತ್ತರ ಕೊಟ್ಟಾರು? ಗುಬ್ಬಿಯವರು ಹಾಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಇನ್ನೊಂದು ಸಲ ಈ ದಾರಿ ಹಿಡಿಯಬೇಡಿ. ‘ನನ್ನ ಯುಪಿಐನಲ್ಲೇ ಕ್ರೆಡಿಟ್ ಕಾರ್ಡ್ ಇದೆ, ಅದರಿಂದ ಕಳಿಸುತ್ತೇನೆ’ ಅನ್ನುವವರೂ ಸಿಗುತ್ತಾರೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು, ನಿಜ. ಅದು ನಡೆಯುವುದು ಅಂಗಡಿಯವರ ಕ್ಯೂಆರ್ ಕೋಡಿಗೆ ಮಾತ್ರ. ನಿಮ್ಮ ಹಾಗೆ, ನನ್ನ ಹಾಗೆ ಖಾಸಗಿ ಖಾತೆ ಇರುವವರಿಗೆ ಆ ಹಣ ಬರುವುದಿಲ್ಲ. ಕೈಯಲ್ಲಿ ದುಡ್ಡಿಲ್ಲ ಅಂದವರಿಂದ ಮುಂಗಡ ತೆಗೆದುಕೊಳ್ಳಿ, ಒಂದು ಗಡುವು ಕೊಡಿ, ಉಳಿದದ್ದು ಬಂದ ಮೇಲೆ ಯಂತ್ರ ಕೊಡಿ. ಹಿಂದೆಲ್ಲ ನಡೆದದ್ದೇ ಹೀಗಲ್ಲವೇ?

ಇಷ್ಟಾದರೂ ಯಾರೋ ಒಬ್ಬರು ಶುಲ್ಕ ಇರುವ ದಾರಿಯಲ್ಲೇ ಕೊಡುತ್ತೇನೆ ಅಂದರೆ, ಅದಕ್ಕೆ ಸರಿಯಾದ ವ್ಯವಸ್ಥೆ ನಿಮ್ಮ ಹತ್ತಿರ ಇದ್ದರೆ, ಆಗ ಖರ್ಚು ಅವರದ್ದು ಅನ್ನುವುದರಲ್ಲಿ ತಪ್ಪೇನಿಲ್ಲ. ನಿಮ್ಮೂರಿನ ಕೊಬ್ಬರಿ ಮಾರುಕಟ್ಟೆಯನ್ನೇ ನೋಡಿ. ಎಪಿಎಂಸಿ ಮಾರುಕಟ್ಟೆ ಶುಲ್ಕ ಕಟ್ಟಬೇಕಾದವರು ಕೊಳ್ಳುವವರು, ಬೆಳೆಗಾರರಲ್ಲ. ಟೆಂಡರ್ ಹಾಕುವ ವರ್ತಕರಿಗೆ ಅದು ಮೊದಲೇ ಗೊತ್ತು. ಅದನ್ನು ಲೆಕ್ಕ ಹಾಕಿಕೊಂಡೇ ಅವರು ಧಾರಣೆ ನಮೂದಿಸುತ್ತಾರೆ. ಬೈಕ್ ಮಾರುವಾಗಲೂ ಆರ್‌ಸಿ ವರ್ಗಾವಣೆ ಖರ್ಚು ಯಾರದ್ದು ಅಂತ ಚೌಕಾಸಿ ಹೊತ್ತಲ್ಲೇ ತೀರ್ಮಾನ ಆಗುತ್ತದೆ. ರೈಲ್ವೆಯವರೂ ಬಚ್ಚಿಡುವುದಿಲ್ಲ: ಐಆರ್‌ಸಿಟಿಸಿಯಲ್ಲಿ ಸ್ಲೀಪರ್ ಟಿಕೆಟ್ ತೆಗೆದರೆ ಅವರದೇ ಸೇವಾ ಶುಲ್ಕ ಕಾರ್ಡಿಗೆ 15 ರೂಪಾಯಿ, ಯುಪಿಐಗೆ 10, ಮೇಲೆ ಜಿಎಸ್‌ಟಿ. ದುಡ್ಡು ಕಟ್ಟುವ ಮುಂಚೆಯೇ ಅದು ಕಣ್ಣಿಗೆ ಕಾಣುತ್ತದೆ.

ಖರ್ಚು ಅವರದ್ದು ಅಂದಮೇಲೆ ಆದಷ್ಟೇ ಖರ್ಚು ಕೇಳಬೇಕು. ಇಲ್ಲಿ ಲೆಕ್ಕದಲ್ಲಿ ಒಂದು ಸಣ್ಣ ಕೊಕ್ಕೆ ಇದೆ. ಅರವತ್ತು ಸಾವಿರಕ್ಕೆ 1,416 ಸೇರಿಸಿ 61,416 ಉಜ್ಜಿಸಿದರೆ ನಿಮ್ಮ ಕೈಗೆ ಅರವತ್ತು ಬರುವುದಿಲ್ಲ. ಸೇರಿಸಿದ ದುಡ್ಡಿನ ಮೇಲೂ ಬ್ಯಾಂಕ್ ಜಿಎಸ್‌ಟಿ ಸೇರಿ ಶೇ. 2.36 ಹಿಡಿಯುತ್ತದೆ. ಮೂವತ್ತಮೂರು ರೂಪಾಯಿ ಚಿಲ್ಲರೆ ಕಡಿಮೆ ಬೀಳುತ್ತದೆ. ಪೂರ್ತಿ ಬರಬೇಕಾದರೆ 60,000ವನ್ನು 0.9764ರಿಂದ ಭಾಗಿಸಬೇಕು, 61,450 ರೂಪಾಯಿ 23 ಪೈಸೆ ಆಗುತ್ತದೆ. ಆ ಮೂವತ್ತಮೂರಕ್ಕೆ ಜಗಳ ಆಡಿ ಅಂತಲ್ಲ. ಸುಮ್ನೆ ಎರಡು ಸಾವಿರ ಅಂತ ರೌಂಡ್ ಮಾಡಿ ಕೇಳಿದರೆ ಮಾತ್ರ ಅದು ಶುಲ್ಕ ಅಲ್ಲ, ಬೆಲೆ ಏರಿಸಿದ ಹಾಗೆ.

ಶುಲ್ಕದ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ‘ನಿಮಗೆ ಶುಲ್ಕದ ದುಡ್ಡು ವಾಪಸ್ ಹಾಕುತ್ತೇನೆ, ಪಿನ್ ಒತ್ತಿ’ ಅಂತ ಕೊಳ್ಳುವವರ ಸೋಗಿನಲ್ಲಿ ಫೋನ್ ಬಂದರೆ ಇಟ್ಟುಬಿಡಿ. ದುಡ್ಡು ಪಡೆಯುವುದಕ್ಕೆ ಪಿನ್ ಬೇಡವೇ ಬೇಡ.

ನಮ್ಮ ಪುಟದ ವಿಚಾರಕ್ಕೆ ಬರುತ್ತೇನೆ. ಕೊಡು-ಕೊಳ್ಳು ಪುಟದಲ್ಲಿ ಅಚ್ಚಾದ ಬೆಲೆ ಅಂದರೆ ನಗದು, ಯುಪಿಐ, ಬ್ಯಾಂಕ್ ವರ್ಗಾವಣೆ ಯಾವುದರಲ್ಲಿ ಕೊಟ್ಟರೂ ಅಷ್ಟೇ. ಅದರ ಮೇಲೆ ಒಂದು ರೂಪಾಯಿ ಕೇಳುವಂತಿಲ್ಲ. ಕಾರ್ಡ್ ತೆಗೆದುಕೊಳ್ಳುವ ವ್ಯವಸ್ಥೆ ನಿಮ್ಮದೇ ಇದ್ದು, ಅದರ ಶುಲ್ಕ ಬೇರೆ ಆಗುವುದಾದರೆ ‘ಕ್ರೆಡಿಟ್ ಕಾರ್ಡಾದರೆ ಶುಲ್ಕ ಪ್ರತ್ಯೇಕ’ ಅಂತ ಹಾಕುತ್ತೇವೆ. ಶೇಕಡಾ ಎಷ್ಟು ಅಂತ ನೀವು ಬರೆದು ಕೊಡಬೇಕು. ಸಾಗಣೆ, ಹಮಾಲಿ ಯಾರದ್ದು ಅನ್ನುವುದನ್ನೂ ಸೇರಿಸಿ, ಅದಕ್ಕೆ ಜಾಗ ಕೊಡುತ್ತೇವೆ.

ಪತ್ರದ ಜೊತೆ ನೀವು ಕಳಿಸಿರುವ ತಕ್ಕಡಿ ಮತ್ತು ಬೆಲ್ಟುಗಳ ಜಾಹೀರಾತು ಮುಂದಿನ ಸಂಚಿಕೆಗೆ ತೆಗೆದುಕೊಂಡಿದ್ದೇವೆ. ಶುಲ್ಕದ ಸಾಲನ್ನು ಬಿಟ್ಟು 4,500 ರೂಪಾಯಿ ಅಂತ ಮಾತ್ರ ಹಾಕುತ್ತಿದ್ದೇವೆ. ಒಪ್ಪಿಗೆ ಇಲ್ಲದಿದ್ದರೆ 20ನೇ ತಾರೀಖಿನೊಳಗೆ ಕಚೇರಿಗೆ ಫೋನ್ ಮಾಡಿ.