ಕೈಯಲ್ಲಿ ತಿರುಗಿಸುವ ರವಿಯೋಲಿ ಯಂತ್ರ: ಹಾಳೆ ಅಂಟುತ್ತೆ, ಹೂರಣ ಹೊರಗೆ ಬರುತ್ತೆ, ಏನು ಮಾಡೋದು?

ವಿರಾಜಪೇಟೆಯಿಂದ ಕೇಳಿದ್ದೀರಿ, ಅದೂ ಜುಲೈ ತಿಂಗಳಲ್ಲಿ. ಅರ್ಧ ಉತ್ತರ ಅಲ್ಲೇ ಇದೆ. ರವಿಯೋಲಿ, ಅಂದರೆ ಎರಡು ಹಾಳೆ ನಡುವೆ ಹೂರಣ ತುಂಬಿದ ಇಟಲಿಯ ಪಾಸ್ತಾ, ಮಾಡಲು ಹೋದರೆ ಹಿಟ್ಟಿನ ಹಾಳೆ ರೋಲರಿಗೆ ಮೆತ್ತಿಕೊಳ್ಳುತ್ತೆ, ಹೂರಣ ಪಕ್ಕದಿಂದ ಸೋರುತ್ತೆ, ಮೊಟ್ಟೆ ಇಲ್ಲದೆ ಆಗುತ್ತಾ, ಇಲ್ಲ ಯಂತ್ರ ವಾಪಸ್ ಕೊಟ್ಟುಬಿಡಲಾ ಅಂತ ಬರೆದಿದ್ದೀರಿ. ದಯವಿಟ್ಟು ಕೊಡಬೇಡಿ. ನಾನು ಮಡಿಕೇರಿಯಲ್ಲಿ ಇಂಥದ್ದೇ ಯಂತ್ರವನ್ನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ, ಮೊದಲ ಮಳೆಗಾಲದಲ್ಲಿ ನನಗೂ ಹೀಗೇ ಆಗಿತ್ತು. ನಿಮ್ಮ ಎರಡೂ ತೊಂದರೆ ನೀರಿನಿಂದ ಬಂದಿರೋದು. ಹಿಟ್ಟಲ್ಲೂ ನೀರು ಜಾಸ್ತಿ, ಹೂರಣದಲ್ಲೂ ಜಾಸ್ತಿ.

ಮೊದಲು ಹಿಟ್ಟು. ಹೋಳಿಗೆಯ ಕಣಕ ಎಣ್ಣೆಯಲ್ಲಿ ನೆಂದು ಸಡಿಲವಾಗಿ ಎಳೆದಷ್ಟೂ ಬರಬೇಕು, ಇದಕ್ಕೆ ಅದರ ಉಲ್ಟಾ. ಪೂರಿ ಹಿಟ್ಟಿನ ಹದ ಬೇಕು, ಒಂದು ಚೂರು ಇನ್ನೂ ಗಟ್ಟಿ ಇದ್ದರೂ ಸರಿ. ಇಟಲಿಯವರ ಲೆಕ್ಕ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ನಾನು 200 ಗ್ರಾಂ ಮೈದಾಕ್ಕೆ ಎರಡು ಮೊಟ್ಟೆ ಹಾಕುತ್ತೇನೆ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಎರಡನೇ ಮೊಟ್ಟೆಯ ಬಿಳಿ ಅರ್ಧ ತೆಗೆದಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಆಗ ಡಬ್ಬದೊಳಗಿನ ಮೈದಾ ಕೂಡ ಗಾಳಿಯ ತೇವ ಕುಡಿದು ಕೂತಿರುತ್ತೆ. ಮೊಟ್ಟೆ ಬೇಡ ಅಂದರೆ 100 ಗ್ರಾಂ ಮೈದಾ, 100 ಗ್ರಾಂ ಚಿರೋಟಿ ರವೆ, ಉಗುರುಬೆಚ್ಚಗಿನ ನೀರು 90 ಎಂಎಲ್ ಹತ್ತಿರ. ಒಂದೇ ಸಲ ಸುರಿಯಬೇಡಿ. ಹತ್ತು ನಿಮಿಷ ನಾದಿ, ಬಟ್ಟಲು ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಬೆರಳಿಂದ ಒತ್ತಿ ನೋಡಿ, ಬೆರಳಿಗೆ ಏನೂ ಹತ್ತಬಾರದು. ಹತ್ತಿದರೆ ಒಣಹಿಟ್ಟು ಹಾಕಿ ಮತ್ತೆ ನಾದಿ, ಹಾಗೇ ಯಂತ್ರಕ್ಕೆ ಕೊಡಬೇಡಿ.

ಹೂರಣಕ್ಕೆ ಎರಡೇ ಮಾತು. ನುಣ್ಣಗಿರಬೇಕು, ಒಣಗಿರಬೇಕು. ಹೋಳಿಗೆ ಹೂರಣದಲ್ಲಿ ಒಂದು ಬೇಳೆ ಇಡಿಯಾಗಿ ಉಳಿದರೆ ಲಟ್ಟಿಸುವಾಗ ಅಲ್ಲೇ ಹರಿಯುತ್ತಲ್ವಾ, ಇದೂ ಹಾಗೇ. ನಾನು ಮೊದಲ ಸಲ ಹಿಂದಿನ ದಿನದ ಪಂದಿ ಕರಿಯನ್ನು ಸುಮ್ನೆ ಕೈಯಲ್ಲಿ ಹಿಸುಕಿ ತುಂಬಿದ್ದೆ. ಅದರಲ್ಲಿ ತರಿತರಿಯಾಗಿ ಕುಟ್ಟಿದ ಕರಿಮೆಣಸಿತ್ತು. ಒಂದು ಚೂರು ಸರಿಯಾಗಿ ರೋಲರಿನ ಅಂಚಿಗೆ ಬಂತು, ಹಾಳೆ ಉದ್ದಕ್ಕೆ ಸೀಳಿ ಮಸಾಲೆಯೆಲ್ಲ ರೋಲರಿನ ಹಲ್ಲುಗಳ ಸಂದಿಗೆ ಹೋಯಿತು, ಅದನ್ನು ಬಿಡಿಸಲು ಹಲ್ಲುಕಡ್ಡಿ ಹಿಡಿದು ಒಂದು ಗಂಟೆ ಕೂತಿದ್ದೆ. ಈಗ ಮಾಂಸವನ್ನು ಬಾಣಲೆಯಲ್ಲಿ ರಸ ಪೂರ್ತಿ ಇಂಗುವ ತನಕ ಹುರಿದು, ಕೊನೆಗೆ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಎರಡು ಹನಿ ಹಾಕಿ, ಆರಿದ ಮೇಲೆ ಮಿಕ್ಸಿಯಲ್ಲಿ ರುಬ್ಬುತ್ತೇನೆ. ಪನೀರ್ ಪಾಲಕ್ ಮಾಡುವುದಾದರೆ ಬೇಯಿಸಿದ ಪಾಲಕ್ಕನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಸಾಕು ಅನ್ನಿಸಿದ ಮೇಲೂ ಇನ್ನೊಮ್ಮೆ ಹಿಂಡಿ. ನನಗೆ ಎಲ್ಲಕ್ಕಿಂತ ಇಷ್ಟ ಸಿಹಿಗುಂಬಳ. ಇಟಲಿಯ ಮಾಂತೊವಾ ಕಡೆಯೂ ಕುಂಬಳದ ಹೂರಣ ಹೆಸರುವಾಸಿ. ಬೇಯಿಸಿದರೆ ನೀರು ಬಿಡುತ್ತೆ, ಅದಕ್ಕೆ ಹೋಳುಗಳನ್ನು ಸುಟ್ಟು, ಮಸೆದು, ಬಾಣಲೆಯಲ್ಲಿ ಕೈಯಾಡಿಸಿ. ಸೌಟು ಎಳೆದ ಜಾಗದಲ್ಲಿ ಬಾಣಲೆಯ ತಳ ಹಾಗೇ ಕಾಣುತ್ತಿದ್ದರೆ ಹೂರಣ ಆಯ್ತು.

ಇನ್ನು ತಿರುಗಿಸುವ ಕೆಲಸ. ಹಾಳೆ ತೀರಾ ತೆಳ್ಳಗೆ ಬೇಡ. ನನ್ನ ಯಂತ್ರದಲ್ಲಿ ಹಾಳೆಯ ದಪ್ಪದ ನಂಬರು 0ಯಿಂದ 9ರ ತನಕ ಇದೆ, 9 ಅಂದರೆ ಅತಿ ತೆಳು, ನಾನು 5ಕ್ಕೆ ನಿಲ್ಲಿಸುತ್ತೇನೆ. ಅಗಲ ರೋಲರಿನಷ್ಟೇ ಇರುವ ಹಾಗೆ ಅಂಚು ಕತ್ತರಿಸಿ. ಹಾಳೆಯನ್ನು ನಡುವೆ ಮಡಚಿ, ಮಡಿಕೆಯನ್ನು ರೋಲರುಗಳ ನಡುವೆ ಇಟ್ಟು ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಅದು ಕಚ್ಚಿಕೊಳ್ಳುತ್ತೆ. ಆಮೇಲೆ ಎರಡು ತುದಿಗಳನ್ನು ಬಿಡಿಸಿ ಒಂದನ್ನು ಆ ಕಡೆ, ಇನ್ನೊಂದನ್ನು ಈ ಕಡೆ ಇಳಿಬಿಟ್ಟು, ನಡುವೆ ಹೂರಣದ ಡಬ್ಬಿ ಕೂರಿಸಿ. ಒಣಹಿಟ್ಟು ಸವರುವುದು ರೋಲರ್ ಮುಟ್ಟುವ ಹೊರಮೈಗೆ ಮಾತ್ರ. ಒಳಮೈಗೆ ಸವರಿದರೆ ಎರಡು ಹಾಳೆ ಒಂದಕ್ಕೊಂದು ಅಂಟುವುದೇ ಇಲ್ಲ, ನಿಮ್ಮದು ಸೋರಲು ಇದೂ ಕಾರಣ ಇರಬಹುದು. ಹೂರಣ ಎರಡೇ ಚಮಚ, ಮೂಲೆಗಳಿಗೆ ಮೊದಲು. ಡಬ್ಬಿ ತುಂಬಾ ತುಂಬಿಸಿ ಒತ್ತಬೇಡಿ. ನಿಧಾನಕ್ಕೆ ತಿರುಗಿಸಿ, ನಡುವೆ ನಿಲ್ಲಿಸಿ ಹಿಂದಕ್ಕೆ ಮಾತ್ರ ತಿರುಗಿಸಬೇಡಿ. ಕೆಳಗೆ ಪಟ್ಟಿ ಬರುತ್ತಿದ್ದ ಹಾಗೆ ಇನ್ನೊಬ್ಬರು ಕೈಯೊಡ್ಡಿ ಹಿಡಿದರೆ ಒಳ್ಳೇದು, ನಮ್ಮ ಮನೆಯಲ್ಲಿ ನೂಲ್‌ಪುಟ್ಟಿಗೆ ಶ್ಯಾವಿಗೆ ಒರಳು ಒತ್ತುವಾಗ ಅತ್ತೆ ತಟ್ಟೆ ಹಿಡಿದು ಕೂರುವ ಹಾಗೆ. ಬಂದ ಪಟ್ಟಿಯನ್ನು ರವೆ ಉದುರಿಸಿದ ಬಟ್ಟೆ ಮೇಲೆ ಹತ್ತು ನಿಮಿಷ ಬಿಟ್ಟು, ಆಮೇಲೆ ಗೆರೆಯಲ್ಲಿ ಬಿಡಿಸಿ. ಮಳೆ ಹಿಡಿದ ದಿನ ಇಪ್ಪತ್ತು ನಿಮಿಷ ಬೇಕು.

ಗ್ರಾನೈಟ್ ಕಟ್ಟೆಗೆ ಯಂತ್ರದ ಸ್ಕ್ರೂ ಸರಿಯಾಗಿ ಹಿಡಿಯದಿದ್ದರೆ ಮರದ ಮೇಜಿಗೆ ಬಿಗಿಯಿರಿ. ಯಂತ್ರ ಅಲುಗಿದರೆ ಹಾಳೆ ಓರೆಯಾಗುತ್ತೆ.

ಬೇಯಿಸುವಾಗ ನೀರು ಕೊತಕೊತ ಕುದಿಯಬಾರದು, ಸಣ್ಣಗೆ ಕುದಿಯಬೇಕು, ಇಲ್ಲದಿದ್ದರೆ ಒಡೆಯುತ್ತೆ. ಪುಸ್ತಕಗಳಲ್ಲಿ ಮೂರು ನಾಲ್ಕು ನಿಮಿಷ ಅಂತಾರೆ. ಮಡಿಕೇರಿ 1,100 ಮೀಟರಿಗಿಂತ ಎತ್ತರ, ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತೆ, ಅದಕ್ಕೆ ನಾನು ಒಂದು ನಿಮಿಷ ಜಾಸ್ತಿ ಬಿಡುತ್ತೇನೆ. ವಿರಾಜಪೇಟೆ ಸ್ವಲ್ಪ ತಗ್ಗು, ನೀವು ಒಂದನ್ನು ತೆಗೆದು ಅಂಚು ಕಚ್ಚಿ ನೋಡಿ. ಅಂಚೇ ದಪ್ಪ, ಕೊನೆಗೆ ಬೇಯೋದು ಅದೇ.

ಯಂತ್ರವನ್ನು ಮಾತ್ರ ತೊಳೆಯಬೇಡಿ, ಒದ್ದೆ ಬಟ್ಟೆಯೂ ಬೇಡ. ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿ ಸಾಕು ತುಕ್ಕು ಹಿಡಿಯಲು. ಅಂಟಿದ ಹಿಟ್ಟು ಒಣಗಲಿ, ಮರುದಿನ ಬ್ರಷ್‌ನಲ್ಲಿ ಉದುರಿಸಿ. ಹೂರಣದ ಡಬ್ಬಿ ಬಿಚ್ಚಿ ಬರುತ್ತೆ, ಅದನ್ನು ಬೇಕಾದರೆ ತೊಳೆದು ಚೆನ್ನಾಗಿ ಒರೆಸಿ. ನಾನು ಯಂತ್ರವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಸೌದೆ ಒಲೆಯ ಮೇಲಿನ ಅಟ್ಟದಲ್ಲಿಡುತ್ತೇನೆ, ಏಲಕ್ಕಿ ಡಬ್ಬದ ಪಕ್ಕದಲ್ಲಿ. ಒಂದು ಚುಕ್ಕೆ ತುಕ್ಕು ಬಂದಿಲ್ಲ.

ಈ ಸಲ 200 ಗ್ರಾಂ ಹಿಟ್ಟಷ್ಟೇ ಮಾಡಿ ನೋಡಿ. ಮೊದಲ ಹಾಳೆಯನ್ನು ಹೂರಣ ಇಲ್ಲದೆ ಓಡಿಸಿ, ಹಾಳೆ ಅಂಟದೆ ಕೆಳಗಿಳಿದರೆ ಎರಡನೆಯದಕ್ಕೆ ಹೂರಣ ಹಾಕಿ. ಮತ್ತೆ ಸೋರಿದರೆ ಹೂರಣ ಯಾವುದು, ಹಾಳೆ ಎಷ್ಟನೇ ನಂಬರಿನಲ್ಲಿ ಮಾಡಿದ್ದು ಅಂತ ಬರೆಯಿರಿ, ನೋಡೋಣ.